ಮಿಣುಕುವ ಮೀಟರ್ ದೀಪ: ಬದಲಿಸುವ ಮೊದಲು ಅಳೆಯಿರಿ

ಪಿಕಪ್ ಗಾಡಿಯ ಮೀಟರ್ ಬೋರ್ಡಿನ ದೀಪಗಳು ಮಿಣಮಿಣ ಎನ್ನತೊಡಗಿದರೆ ಅದಕ್ಕೆ ನಮ್ಮಲ್ಲಿ ಒಂದು ಸಿದ್ಧ ಹಾದಿ ಇದೆ. ಮೊದಲು ಡ್ಯಾಶ್‌ಬೋರ್ಡಿನ ಮೇಲೆ ಅಂಗೈಯಿಂದ ಎರಡು ಏಟು. ಅದಕ್ಕೆ ಬಗ್ಗದಿದ್ದರೆ ಹೊಸ ಬಲ್ಬು. ವಾರ ಕಳೆದು ಮತ್ತೆ ಮಿಣುಕಿದರೆ "ಬ್ಯಾಟರಿ ವೀಕ್ ಆಗಿದೆ ಅಣ್ಣ, ಹೊಸದು ಹಾಕಿಬಿಡೋಣ" ಎಂಬ ಸಲಹೆ. ಹೊಸ ಬ್ಯಾಟರಿ ಹಾಕಿದ ಮೇಲೂ ಸರಿಹೋಗದಿದ್ದರೆ ಡೈನಮೊ ಬಿಚ್ಚುವುದು. ಅಷ್ಟು ಹೊತ್ತಿಗೆ ಬಾಡಿಗೆ ಗಾಡಿಯವನ ಕೈಯಿಂದ ಸಾವಿರಾರು ರೂಪಾಯಿ ಜಾರಿರುತ್ತದೆ. ಎಷ್ಟೋ ಸಲ ಕೊನೆಗೆ ದೋಷ ಸಿಗುವುದು ಎಂಜಿನ್ನಿಗೂ ಚಾಸಿಗೂ ನಡುವೆ ಇರುವ ಅರ್ಥ್ ಪಟ್ಟಿಯ ತುಕ್ಕು ಹಿಡಿದ ಬೋಲ್ಟಿನಲ್ಲಿ. ಬಿಚ್ಚಿ, ಉಜ್ಜಿ, ಮತ್ತೆ ಬಿಗಿದರೆ ಮುಗಿಯುವ ಕೆಲಸ.

ಮೀಟರ್ ದೀಪ ಕಣ್ಣು ಮಿಟುಕಿಸುವುದಷ್ಟೇ ಆಗಿದ್ದರೆ ಅದಕ್ಕೊಂದು ಅಂಕಣ ಬರೆಯಬೇಕಿರಲಿಲ್ಲ. ಅದೇ ವಿದ್ಯುತ್ತಿನ ಮೇಲೆ ಹೆಡ್‌ಲೈಟು, ವೈಪರು, ಬ್ರೇಕ್ ದೀಪ ನಡೆಯುತ್ತವೆ. ಈಗಿನ ಗಾಡಿಗಳಲ್ಲಿ ಡೀಸೆಲ್ ಚಿಮ್ಮಿಸುವ ಇಂಜೆಕ್ಟರುಗಳೂ ಅದನ್ನೇ ನಂಬಿವೆ. ಹಳೆಯ ಮೆಕ್ಯಾನಿಕಲ್ ಪಂಪಿನ ಡೀಸೆಲ್ ಎಂಜಿನ್ ಒಮ್ಮೆ ಸ್ಟಾರ್ಟ್ ಆದರೆ ಬ್ಯಾಟರಿಯ ಹಂಗಿಲ್ಲದೆ ಊರು ಮುಟ್ಟಿಸುತ್ತಿತ್ತು. ಈಗಿನ ಕಾಮನ್ ರೈಲ್ ಎಂಜಿನ್ನಿಗೆ ಆ ತಾಳಿಕೆ ಇಲ್ಲ. ವೋಲ್ಟೇಜ್ ಒಂದು ಮಟ್ಟಕ್ಕಿಂತ ಕೆಳಗಿಳಿದರೆ ಎಂಜಿನ್ ನಡೆಸುವ ಕಂಪ್ಯೂಟರ್, ಅಂದರೆ ಇಸಿಯು, ಕೈಚೆಲ್ಲುತ್ತದೆ, ಗಾಡಿ ರಸ್ತೆಯಲ್ಲೇ ನಿಲ್ಲುತ್ತದೆ. ಕತ್ತಲಲ್ಲೇ ಕೋಲಾರದ ಎಪಿಎಂಸಿಗೆ ಟೊಮೆಟೊ ಮುಟ್ಟಿಸಬೇಕಾದವರಿಗೆ, ಮಲ್ಪೆಯಿಂದ ಐಸು ಸುರಿದ ಮೀನು ಹೇರಿಕೊಂಡು ಘಾಟಿ ಹತ್ತುವವರಿಗೆ ಹಾಗೆ ನಿಂತರೆ ಏನಾಗುತ್ತದೆ ಎಂಬುದನ್ನು ಬೇರೆಯವರು ವಿವರಿಸಬೇಕಿಲ್ಲ. ಮಿಣುಕು ಅದಕ್ಕಿಂತ ಬಹಳ ಮೊದಲೇ ಬರುವ ಸೂಚನೆ.

ಗಾಡಿಯಲ್ಲಿ ಕರೆಂಟು ಹರಿಯುವ ದಾರಿಯನ್ನು ಮೊದಲು ನೋಡೋಣ. ಬ್ಯಾಟರಿಯ ಪ್ಲಸ್ ಕಡೆಯಿಂದ ಫ್ಯೂಸು, ಸ್ವಿಚ್ಚುಗಳನ್ನು ದಾಟಿ ಒಂದೊಂದು ದೀಪಕ್ಕೂ ವೈರು ಹೋಗುತ್ತದೆ. ಮರಳಿ ಮೈನಸ್ಸಿಗೆ ಬರಲು ಮಾತ್ರ ಒಂದೊಂದಕ್ಕೂ ಬೇರೆ ವೈರಿಲ್ಲ. ಗಾಡಿಯ ಕಬ್ಬಿಣದ ಮೈಯೇ ಎಲ್ಲಕ್ಕೂ ವಾಪಸಿನ ದಾರಿ. ಒಳಗೆ ಬರಲು ಹತ್ತು ಬಾಗಿಲು, ಹೊರಗೆ ಹೋಗಲು ಒಂದೇ ಗೇಟು ಇರುವ ಮಾರ್ಕೆಟ್ ಯಾರ್ಡಿನ ಹಾಗೆ ಇದು. ಆ ಗೇಟು ಅರ್ಧ ಮುಚ್ಚಿಕೊಂಡರೆ ಒಳಗಿನ ಅಷ್ಟೂ ಗಾಡಿಗಳು ತೊಳಲಾಡುತ್ತವೆ. ಅರ್ಥ್ ಕೆಟ್ಟ ಗಾಡಿಯಲ್ಲಿ ಒಂದಕ್ಕೊಂದು ಸಂಬಂಧವೇ ಇಲ್ಲದಂತೆ ಕಾಣುವ ದೀಪ, ಹಾರ್ನು, ಡೀಸೆಲ್ ಮುಳ್ಳು ಎಲ್ಲ ಒಟ್ಟಿಗೆ ತಲೆಕೆಡುವುದು ಇದರಿಂದಲೇ.

ಎಷ್ಟು ಸಣ್ಣ ತಡೆ ಎಷ್ಟು ದೊಡ್ಡ ಹಾನಿ ಮಾಡುತ್ತದೆಂದು ಲೆಕ್ಕ ಹಾಕಬಹುದು. ಜರ್ಮನಿಯ ಗಿಯೋರ್ಗ್ ಓಮ್ 1827ರಲ್ಲಿ ಪ್ರಕಟಿಸಿದ ನಿಯಮವೇ ಸಾಕು. ಹೆಡ್‌ಲೈಟು, ಬ್ಲೋವರು, ಸಣ್ಣ ದೀಪಗಳೆಲ್ಲ ಸೇರಿ 20 ಆಂಪಿಯರ್ ಹರಿಯುತ್ತಿದೆ ಎಂದುಕೊಳ್ಳಿ. ತುಕ್ಕು ಹಿಡಿದ ಒಂದು ಬೋಲ್ಟಿನಡಿ ಬರೀ 0.1 ಓಮ್ ತಡೆ ಹುಟ್ಟಿದರೂ ಅಲ್ಲಿಯೇ 2 ವೋಲ್ಟ್ ಕಳೆದುಹೋಗುತ್ತದೆ. 14 ವೋಲ್ಟ್ ಸಿಗಬೇಕಿದ್ದ ಬಲ್ಬಿಗೆ 12 ಸಿಗುತ್ತದೆ. ತಂತಿ ಬಲ್ಬಿನ ಬೆಳಕು ವೋಲ್ಟೇಜಿನ ಜೊತೆ ಸಮಸಮವಾಗಿ ಇಳಿಯುವುದಿಲ್ಲ, ಅದಕ್ಕಿಂತ ಬಹಳ ಬೇಗ ಕುಸಿಯುತ್ತದೆ. ಆ 2 ವೋಲ್ಟ್ ಹೋದರೆ ಬೆಳಕಿನಲ್ಲಿ ಶೇಕಡ 40ರಷ್ಟು ಹೋದಂತೆ. ಗಾಡಿ ಹಳ್ಳಕ್ಕೆ ಇಳಿದಾಗ ಆ ಬೋಲ್ಟು ಒಮ್ಮೆ ಕಚ್ಚಿ ಒಮ್ಮೆ ಬಿಟ್ಟರೆ ಕಣ್ಣಿಗೆ ಕಾಣುವುದೇ ಮಿಣುಕು. ತಂತಿ ಬಲ್ಬು ಬಿಸಿ ಆರಲು ಒಂದಿಷ್ಟು ಹೊತ್ತು ತೆಗೆದುಕೊಳ್ಳುವುದರಿಂದ ಚಿಕ್ಕಪುಟ್ಟ ಏರಿಳಿತವನ್ನು ನುಂಗಿಕೊಳ್ಳುತ್ತದೆ. ಎಲ್‌ಇಡಿಗೆ ಆ ಗುಣವಿಲ್ಲ. ಹಾಗಾಗಿ ಹೊಸ ಎಲ್‌ಇಡಿ ಮೀಟರ್ ಇರುವ ಗಾಡಿಯಲ್ಲಿ ಅದೇ ದೋಷ ಬೇಗ ಕಣ್ಣಿಗೆ ಬೀಳುತ್ತದೆ.

ಸ್ಪ್ಯಾನರ್ ಕೈಗೆತ್ತಿಕೊಳ್ಳುವ ಮೊದಲು ನೋಡಬೇಕಾದದ್ದು ಬೇಕಾದಷ್ಟಿದೆ. ಮೀಟರ್ ದೀಪ ಮಾತ್ರ ಮಿಣುಕುತ್ತಿದೆಯೋ, ಹೆಡ್‌ಲೈಟೂ ಅದರ ಜೊತೆಗೆ ಏರಿಳಿಯುತ್ತಿದೆಯೋ? ರಾತ್ರಿ ಒಂದು ಗೋಡೆಯ ಎದುರು ಗಾಡಿ ನಿಲ್ಲಿಸಿ ನೋಡಿದರೆ ತಿಳಿಯುತ್ತದೆ. ಎಲ್ಲವೂ ಒಟ್ಟಿಗೆ ಮಿಣುಕಿದರೆ ಬ್ಯಾಟರಿ ಟರ್ಮಿನಲ್, ಮುಖ್ಯ ಅರ್ಥ್, ಡೈನಮೊ, ಈ ಮೂರರ ಸುತ್ತ ಹುಡುಕಬೇಕು. ಮೀಟರ್ ಮಾತ್ರ ಆದರೆ ಅದರ ಫ್ಯೂಸು, ಅದರ ಸ್ವಿಚ್ಚು, ಅದರ ಕನೆಕ್ಟರ್. ಆಮೇಲೆ ಯಾವಾಗ ಮಿಣುಕುತ್ತದೆ ಎಂಬುದು. ಐಡ್ಲಿಂಗಿನಲ್ಲಿ ಮಂಕಾಗಿ, ರೇಸ್ ಮಾಡಿದರೆ ನೆಟ್ಟಗಾದರೆ ಚಾರ್ಜಿಂಗ್ ಕಡೆ ಬೊಟ್ಟು ಮಾಡುತ್ತದೆ. ರೇಸ್ ಮಾಡಿದಾಗ ಕಣ್ಣು ಕೋರೈಸುವಷ್ಟು ಏರಿದರೆ ರೆಗ್ಯುಲೇಟರ್ ಕೆಟ್ಟಿದೆ. ಅಂಥ ಗಾಡಿಯಲ್ಲಿ ಬಲ್ಬುಗಳು ಪದೇ ಪದೇ ಸುಡುತ್ತವೆ, ಬ್ಯಾಟರಿಯ ನೀರು ಬೇಗ ಆರುತ್ತದೆ. ಇಂಡಿಕೇಟರಿನ ಟಿಕ್ ಟಿಕ್ ತಾಳಕ್ಕೆ ಸರಿಯಾಗಿ ಮೀಟರ್ ದೀಪವೂ ಕುಣಿದರೆ ಅರ್ಥ್ ಸರಿಯಿಲ್ಲ ಎಂದು ಬಹುಮಟ್ಟಿಗೆ ಹೇಳಿಬಿಡಬಹುದು. ಹಳ್ಳ ದಿಣ್ಣೆಯಲ್ಲಿ ಮಾತ್ರವಾದರೆ ಲೂಸ್ ಕಾಂಟ್ಯಾಕ್ಟ್. ಡ್ಯಾಶ್‌ಬೋರ್ಡಿಗೆ ಏಟು ಕೊಡುವುದೂ ಈ ಪರೀಕ್ಷೆಯ ಒಂದು ಭಾಗವೇ. ಬಡಿದಾಗ ದೀಪ ಬದಲಾದರೆ ದೋಷ ಆ ಹಲಗೆಯ ಹಿಂದೆಯೇ ಇದೆ ಎಂದರ್ಥ.

ಬ್ರೇಕ್ ಒತ್ತಿದಾಗ ಮೀಟರ್ ದೀಪ ಅಲುಗುತ್ತದೆಯೇ ಎಂದೂ ನೋಡಿ. ಸರಕು ಗಾಡಿಯವರು ಇದನ್ನು ತಪ್ಪದೆ ನೋಡಬೇಕು. ಬಹುತೇಕ ಗಾಡಿಗಳಲ್ಲಿ ಮೀಟರ್ ಬೋರ್ಡಿನ ಬೆಳಕು, ಪಾರ್ಕಿಂಗ್ ದೀಪ, ಹಿಂದಿನ ಕೆಂಪು ದೀಪ, ನಂಬರ್ ಪ್ಲೇಟ್ ದೀಪ ಎಲ್ಲ ಒಂದೇ ಬಳಗ. ಹಿಂದಿನ ದೀಪದಲ್ಲಿ 5 ವ್ಯಾಟ್ ಮತ್ತು 21 ವ್ಯಾಟಿನ ಎರಡು ತಂತಿಗಳಿರುವ ಒಂದೇ ಬಲ್ಬು ಇರುತ್ತದೆ. ಆ ದೀಪದ ಅರ್ಥ್ ಕೆಟ್ಟರೆ, ಬ್ರೇಕಿನ 21 ವ್ಯಾಟ್ ಕರೆಂಟಿಗೆ ಇಳಿಯಲು ದಾರಿಯಿಲ್ಲದೆ 5 ವ್ಯಾಟಿನ ತಂತಿಯ ಮೂಲಕ ಹಿಂದಕ್ಕೆ ಹರಿದು ಪಾರ್ಕಿಂಗ್ ಬಳಗಕ್ಕೆ ನುಗ್ಗುತ್ತದೆ. ಲೈಟ್ ಸ್ವಿಚ್ ಆಫ್ ಇದ್ದರೂ ಬ್ರೇಕ್ ತುಳಿದ ಕ್ಷಣ ಮೀಟರ್ ಬೋರ್ಡು ಮಂದವಾಗಿ ಹೊತ್ತಿಕೊಳ್ಳುತ್ತದೆ. ಚಾಲಕ ಮುಂದೆ ಹುಡುಕುತ್ತಾನೆ, ತೊಂದರೆ ಲೋಡ್ ಬಾಡಿಯ ಹಿಂತುದಿಯಲ್ಲಿ ಕೆಸರು ಮೆತ್ತಿಕೊಂಡು ಕೂತಿರುತ್ತದೆ. ಹಲಗೆ ಬಾಡಿ ಬದಲಿಸಿದ ಮೇಲೆ, ಗೂಟ ಗ್ರಿಲ್ ಬೆಸೆಸಿದ ಮೇಲೆ ಈ ತೊಂದರೆ ಹೆಚ್ಚು. ವೈರು ಚಾಸಿಯ ಅಂಚಿಗೆ ಉಜ್ಜಿ ಸಿಪ್ಪೆ ಕಿತ್ತಿರುತ್ತದೆ, ಅರ್ಥ್ ಸ್ಕ್ರೂವಿನ ಕೆಳಗೆ ಬಣ್ಣ ಬಳಿದಿರುತ್ತಾರೆ. ಬಣ್ಣ ವಿದ್ಯುತ್ತನ್ನು ಬಿಡುವುದಿಲ್ಲ.

ಈಗ ಅಳತೆ. ಕೆಲವು ನೂರು ರೂಪಾಯಿಗೆ ಸಿಗುವ ಡಿಜಿಟಲ್ ಮಲ್ಟಿಮೀಟರ್ ಸಾಕು. ಡಿಸಿ 20 ವೋಲ್ಟಿನ ಗುರುತಿಗೆ ತಿರುಗಿಸಿಡಿ. ರಾತ್ರಿಯೆಲ್ಲ ನಿಂತ ಗಾಡಿಯ ಬ್ಯಾಟರಿ ಬೆಳಿಗ್ಗೆ 12.6 ವೋಲ್ಟ್ ತೋರಿಸಿದರೆ ಪೂರ್ತಿ ಚಾರ್ಜ್ ಇದೆ, 12.2 ಆದರೆ ಅರ್ಧ, 12ಕ್ಕಿಂತ ಕೆಳಗಾದರೆ ಬರಿದಾಗಿದೆ. ಸೆಲ್ಫ್ ಹೊಡೆಯುವಾಗ 9.6ಕ್ಕಿಂತ ಕೆಳಗಿಳಿಯಬಾರದು. ಎಂಜಿನ್ ಓಡುವಾಗ 13.8ರಿಂದ 14.5ರ ಆಸುಪಾಸು ಇರಬೇಕು. ಹೆಡ್‌ಲೈಟು, ಬ್ಲೋವರ್, ವೈಪರ್ ಎಲ್ಲ ಹಾಕಿ ತುಸು ರೇಸ್ ಕೊಟ್ಟಾಗಲೂ 13.5 ಮುಟ್ಟದಿದ್ದರೆ ಚಾರ್ಜಿಂಗ್ ಸೊರಗಿದೆ, 15 ದಾಟಿದರೆ ಮಿತಿ ಮೀರಿದೆ. ಹೊಸ ಗಾಡಿಗಳಲ್ಲಿ ಕೆಲವು ಚಾರ್ಜಿಂಗನ್ನು ಇಸಿಯು ಮೂಲಕ ಬೇಕೆಂದೇ ಏರಿಳಿಸುತ್ತವೆ. ಅಂಥ ಗಾಡಿಯಲ್ಲಿ ಒಂದೇ ಅಳತೆ ನೋಡಿ ತೀರ್ಪು ಕೊಡಬಾರದು.

ಇಷ್ಟನ್ನು ಹೆಚ್ಚಿನ ಎಲೆಕ್ಟ್ರಿಷಿಯನ್ನರು ಮಾಡುತ್ತಾರೆ. ಅರ್ಥ್ ದಾರಿಯಲ್ಲಿ ಎಷ್ಟು ವೋಲ್ಟ್ ಸೋರುತ್ತಿದೆ ಎಂದು ಅಳೆಯುವವರು ಕಡಿಮೆ. ಮಾಡುವುದು ಸುಲಭ. ಎಂಜಿನ್ ಓಡುತ್ತಿರಲಿ, ದೀಪಗಳೆಲ್ಲ ಉರಿಯುತ್ತಿರಲಿ. ಮಲ್ಟಿಮೀಟರಿನ ಕಪ್ಪು ಮುಳ್ಳನ್ನು ಬ್ಯಾಟರಿಯ ಮೈನಸ್ ಸೀಸದ ಗೂಟಕ್ಕೇ ಒತ್ತಿ ಹಿಡಿಯಿರಿ, ಅದರ ಮೇಲಿನ ಕ್ಲಾಂಪಿಗಲ್ಲ. ಕೆಂಪು ಮುಳ್ಳನ್ನು ಎಂಜಿನ್ ಬ್ಲಾಕಿನ ಬಣ್ಣವಿಲ್ಲದ ಲೋಹಕ್ಕೆ ತಾಗಿಸಿ. 0.1 ವೋಲ್ಟಿನ ಆಸುಪಾಸು ಬಂದರೆ ಒಳ್ಳೆಯದು. ಅರ್ಧ ವೋಲ್ಟ್ ಬಂದರೆ ಕಳ್ಳ ಆ ಎರಡು ಮುಳ್ಳುಗಳ ನಡುವೆಯೇ ಇದ್ದಾನೆ. ಕೆಂಪು ಮುಳ್ಳನ್ನು ಕ್ಯಾಬಿನ್ನಿನ ತಗಡಿಗೆ, ಆಮೇಲೆ ಚಾಸಿಗೆ, ಕ್ಲಾಂಪಿಗೆ ಸರಿಸುತ್ತ ಹೋದರೆ ಯಾವ ಜೋಡಣೆಯಲ್ಲಿ ಅಂಕಿ ಜಿಗಿಯುತ್ತದೋ ಅಲ್ಲಿ ಸ್ಪ್ಯಾನರ್ ಹಾಕಬೇಕು. ಪಿಕಪ್ಪಿನ ಎಂಜಿನ್ನೂ ಕ್ಯಾಬಿನ್ನೂ ಚಾಸಿಯ ಮೇಲೆ ರಬ್ಬರಿನ ಮೆತ್ತೆಗಳಲ್ಲಿ ಕೂತಿರುತ್ತವೆ. ರಬ್ಬರ್ ಕರೆಂಟು ಬಿಡದ ಕಾರಣ ಎಂಜಿನ್ನಿಂದ ಚಾಸಿಗೆ, ಕ್ಯಾಬಿನ್ನಿಂದ ಚಾಸಿಗೆ ತಾಮ್ರದ ನೇಯ್ದ ಪಟ್ಟಿ ಇಲ್ಲವೇ ದಪ್ಪ ಕೇಬಲ್ ಕೊಟ್ಟಿರುತ್ತಾರೆ. ಗೇರ್‌ಬಾಕ್ಸ್ ಇಳಿಸಿದವರು ಅದನ್ನು ಮತ್ತೆ ಬಿಗಿಯಲು ಮರೆತರೆ ಸೆಲ್ಫಿನ ನೂರಾರು ಆಂಪಿಯರ್ ಆಕ್ಸಿಲರೇಟರ್ ಕೇಬಲ್, ಗೇರ್ ಕೇಬಲ್ಲಿನ ಮೂಲಕ ದಾರಿ ಹುಡುಕುತ್ತದೆ. ಕೇಬಲ್ ಬಿಸಿಯಾಗಿ ಸುಟ್ಟ ವಾಸನೆ ಬರುವುದೂ ಉಂಟು.

ಕರಾವಳಿಯ ಮೀನಿನ ಗಾಡಿಗಳಲ್ಲಿ ಈ ಬೋಲ್ಟುಗಳನ್ನು ಒಮ್ಮೆ ಹತ್ತಿರದಿಂದ ನೋಡಬೇಕು. ಪೆಟ್ಟಿಗೆಗಳಿಂದ ಕರಗಿದ ಐಸಿನ ಉಪ್ಪುನೀರು ಹಲಗೆಯ ಸಂದಿನಿಂದ ತೊಟ್ಟಿಕ್ಕಿ ಚಾಸಿಯ ಮೇಲೆ ಹರಿಯುತ್ತದೆ. ಮೇಲಿನಿಂದ ನೋಡಿದರೆ ಅರ್ಥ್ ಬೋಲ್ಟು ಗಟ್ಟಿಯಾಗಿಯೇ ಕೂತಿರುತ್ತದೆ. ಬಿಚ್ಚಿದರೆ ವೈರಿನ ತುದಿಯ ಲಗ್ಗಿನ ತಾಮ್ರ ಹಸಿರುಗಟ್ಟಿ, ಅದರಡಿಯ ಚಾಸಿ ಕಂದು ಹೊಟ್ಟಿನ ಪದರವಾಗಿರುತ್ತದೆ. ವೈರಿನ ಸಿಪ್ಪೆಯನ್ನು ಸ್ವಲ್ಪ ಹಿಂದೆ ಸರಿಸಿ ನೋಡಿ. ಒಳಗಿನ ಎಳೆಗಳು ಕಪ್ಪಾಗಿದ್ದರೆ ಕೆಂಪು ಕಾಣುವವರೆಗೆ ಕತ್ತರಿಸಿ ಹೊಸ ಲಗ್ ಕಚ್ಚಿಸಬೇಕು. ಚಾಸಿಯ ಜಾಗವನ್ನು ಎಮರಿ ಪೇಪರಿನಿಂದ ಹೊಳೆಯುವ ತನಕ ಉಜ್ಜಿ, ಹಲ್ಲಿನ ವಾಷರ್ ಹಾಕಿ ಬಿಗಿದು, ಬಿಗಿದ ಮೇಲೆ ಪೆಟ್ರೋಲಿಯಂ ಜೆಲ್ಲಿ ಬಳಿಯಬೇಕು. ಬ್ಯಾಟರಿ ಗೂಟದ ಮೇಲಿನ ಬಿಳಿ, ನೀಲಿ ಪುಡಿಗೆ ಅಡುಗೆ ಸೋಡಾ ಬೆರೆಸಿದ ಬಿಸಿನೀರು ಸಾಕು, ಸೆಲ್ಲಿನ ಒಳಗೆ ಮಾತ್ರ ಹೋಗದಂತೆ ನೋಡಿಕೊಳ್ಳಿ. ಬ್ಯಾಟರಿ ಬಿಚ್ಚುವಾಗ ಮೈನಸ್ ಮೊದಲು, ಜೋಡಿಸುವಾಗ ಮೈನಸ್ ಕೊನೆಗೆ. ಪ್ಲಸ್ ಬಿಚ್ಚುವ ಸ್ಪ್ಯಾನರ್ ಆಗ ಬಾಡಿಗೆ ತಾಗಿದರೂ ಕಿಡಿ ಹಾರುವುದಿಲ್ಲ.

ಅರ್ಥ್ ಸರಿಯಿದ್ದರೆ ಮುಂದೆ ನೋಡಬೇಕಾದದ್ದು ಡೈನಮೊ, ಅಂದರೆ ನಾವು ಈಗಲೂ ಹಾಗೆ ಕರೆಯುವ ಆಲ್ಟರ್ನೇಟರ್. ನಿಜವಾದ ಡೈನಮೊ ಇದ್ದ ಕಾಲದಲ್ಲಿ ಗಾಡಿ ನಿಂತಾಗ ಹೆಡ್‌ಲೈಟು ಕೆಂಪಗಾಗುವುದು ಸಹಜವೇ ಆಗಿತ್ತು. 1960ರಲ್ಲಿ ಅಮೆರಿಕದ ಕ್ರೈಸ್ಲರ್ ತನ್ನ ವೇಲಿಯಂಟ್ ಕಾರಿಗೆ ಆಲ್ಟರ್ನೇಟರ್ ಹಾಕಿದ ಮೇಲೆ ಅದು ಎಲ್ಲ ಕಡೆ ಹಬ್ಬಿತು. ಅದರೊಳಗೆ ಮೂರು ಸುತ್ತಿನ ಎಸಿ ಹುಟ್ಟಿ, ಡಯೋಡುಗಳ ಮೂಲಕ ಡಿಸಿಯಾಗಿ ಹೊರಬರುತ್ತದೆ. ಒಂದು ಡಯೋಡ್ ಸತ್ತರೂ ಹೊರಬರುವ ಕರೆಂಟಿನಲ್ಲಿ ಗುಂಡಿ ಬೀಳುತ್ತದೆ, ಎಲ್‌ಇಡಿ ದೀಪ ಸಣ್ಣಗೆ ನಡುಗುತ್ತದೆ. ಎಂಜಿನ್ ಓಡುವಾಗ ಬ್ಯಾಟರಿಗೆ ಅಡ್ಡಲಾಗಿ ಎಸಿ ಅಳೆದರೆ ಅರ್ಧ ವೋಲ್ಟ್ ಮೀರಬಾರದು; ತೀರಾ ಅಗ್ಗದ ಮಲ್ಟಿಮೀಟರಿನ ಎಸಿ ಅಳತೆಯನ್ನು ಇದಕ್ಕೆ ನಂಬಬೇಡಿ, ಒಳ್ಳೆಯ ಮೀಟರ್ ಇರುವವರ ಬಳಿ ಹೋಗಿ. ಕಾರ್ಬನ್ ಬ್ರಷ್ ಸವೆದಿದ್ದರೆ ಚಾರ್ಜ್ ಬಂದು ಹೋಗಿ ಮಾಡುತ್ತದೆ, ಕೆಂಪು ಬ್ಯಾಟರಿ ದೀಪವೂ ಜೊತೆಗೆ ಮಿನುಗುತ್ತದೆ. ಹಲವು ಡೀಸೆಲ್ ಗಾಡಿಗಳಲ್ಲಿ ಬ್ರೇಕಿನ ವ್ಯಾಕ್ಯೂಮ್ ಪಂಪು ಆಲ್ಟರ್ನೇಟರಿನ ಬೆನ್ನಿಗೇ ಅಂಟಿಕೊಂಡಿದೆ. ಅದರ ಆಯಿಲ್ ಸೀಲ್ ಸೋರಿದರೆ ಎಣ್ಣೆ ಬ್ರಷ್ಷಿಗೆ ಬಂದು ಮೆತ್ತಿಕೊಳ್ಳುತ್ತದೆ. ಹಾಗಿರುವಾಗ ಬ್ರಷ್ ಮಾತ್ರ ಬದಲಿಸಿ ಸೀಲ್ ಬಿಟ್ಟರೆ ಹೊಸ ಬ್ರಷ್ಷಿಗೂ ಅದೇ ಗತಿ. ಬ್ರಷ್, ರೆಗ್ಯುಲೇಟರ್, ಡಯೋಡ್ ಪ್ಲೇಟ್ ಎಲ್ಲ ಬಿಡಿಯಾಗಿ ಸಿಗುವ ಭಾಗಗಳು, ಇಡೀ ಆಲ್ಟರ್ನೇಟರ್ ಬದಲಿಸುವ ಮಾತಿಗೆ ಒಪ್ಪುವ ಮೊದಲು ಒಳಗೆ ಏನು ಹೋಗಿದೆ ಎಂದು ಕೇಳಿ.

ಒಂದು ಅಭ್ಯಾಸವನ್ನಂತೂ ನಿಲ್ಲಿಸಲೇಬೇಕು. ಎಂಜಿನ್ ಓಡುತ್ತಿರುವಾಗ ಬ್ಯಾಟರಿಯ ಕ್ಲಾಂಪ್ ಕಿತ್ತು, "ಬಂಡಿ ಆಫ್ ಆಗಲಿಲ್ಲ, ಹಾಗಾದರೆ ಡೈನಮೊ ಸರಿಯಿದೆ" ಎನ್ನುವ ಪರೀಕ್ಷೆ. ಹಳೆಯ ಗಾಡಿಗಳು ಅದನ್ನು ತಡೆದುಕೊಂಡವು. ಚಾರ್ಜ್ ಆಗುತ್ತಿದ್ದ ಬ್ಯಾಟರಿ ದಿಢೀರನೆ ತಪ್ಪಿದರೆ ಆಲ್ಟರ್ನೇಟರಿನ ವೋಲ್ಟೇಜ್ ಕ್ಷಣದ ಒಂದು ಪಾಲಿನಲ್ಲಿ 14ರಿಂದ ನೂರರ ಹತ್ತಿರಕ್ಕೂ ನೆಗೆಯಬಹುದು. 2020ರ ಏಪ್ರಿಲ್ 1ರಿಂದ ಬಿಎಸ್6 ಹೊಗೆ ನಿಯಮ ಬಂದ ಮೇಲೆ ಸರಕು ಗಾಡಿಗಳಲ್ಲೂ ಸೆನ್ಸರು, ಇಸಿಯುಗಳು ತುಂಬಿಕೊಂಡಿವೆ. ಬ್ರಷ್ಷಿನ ದೋಷ ಹುಡುಕಲು ಹೋಗಿ ಇಸಿಯು ಸುಟ್ಟುಕೊಂಡರೆ ಆ ನಷ್ಟವನ್ನು ಒಬ್ಬ ಸಣ್ಣ ಮಾಲೀಕ ತಿಂಗಳುಗಟ್ಟಲೆ ದುಡಿದು ತುಂಬಬೇಕು. ಗಾಡಿಯ ಮೈಗೆ ವೆಲ್ಡಿಂಗ್ ಮಾಡಿಸುವಾಗಲೂ ಎಂಜಿನ್ ನಿಲ್ಲಿಸಿ ಬ್ಯಾಟರಿ ಬಿಚ್ಚಿಡಿ.

ಮೀಟರ್ ಮಾತ್ರ ಮಿಣುಕುವ ಗಾಡಿಯಲ್ಲಿ ನನ್ನ ಮೊದಲ ಅನುಮಾನ ಆಮೇಲೆ ಹಾಕಿಸಿದ ವೈರುಗಳ ಮೇಲೆ. ಮ್ಯೂಸಿಕ್ ಸಿಸ್ಟಂ, ದೇವರ ಪಟದ ಸೀರಿಯಲ್ ಲೈಟು, ಕ್ಯಾಬಿನ್ ಮೇಲಿನ ಬಣ್ಣದ ದೀಪ, ಮೊಬೈಲ್ ಚಾರ್ಜರು ಎಲ್ಲವೂ ಕೈಗೆ ಸಿಕ್ಕ ವೈರಿನ ಸಿಪ್ಪೆ ಕಿತ್ತು, ತಿರುಚಿ, ಟೇಪು ಸುತ್ತಿ ಜೋಡಿಸಿದವು. ಬೇಸಿಗೆಯಲ್ಲಿ ಟೇಪಿನ ಅಂಟು ಕರಗಿ ಜಾರುತ್ತದೆ. ಹಾಗೆಯೇ 60/55 ವ್ಯಾಟಿನ ಜಾಗದಲ್ಲಿ 100/90 ವ್ಯಾಟಿನ ಹೆಡ್‌ಲೈಟ್ ಬಲ್ಬು. ಬಲ್ಬೊಂದಕ್ಕೆ 5 ಆಂಪಿಯರ್ ಹರಿಯುತ್ತಿದ್ದ ಕಡೆ 8 ದಾಟುತ್ತದೆ, ರಿಲೇ ಇಲ್ಲದಿದ್ದರೆ ಅಷ್ಟೂ ಕರೆಂಟು ಸ್ಟಿಯರಿಂಗ್ ಪಕ್ಕದ ಸ್ವಿಚ್ಚಿನ ಸಣ್ಣ ಹಿತ್ತಾಳೆ ತುಂಡಿನ ಮೇಲೆ ಹೋಗಬೇಕು. ಮೀಟರಿಗೂ ಅದೇ ಸ್ವಿಚ್ಚಿನಿಂದ ಕರೆಂಟು. ತುಂಡು ಸುಟ್ಟು ಕಪ್ಪಾದ ಮೇಲೆ ಮೀಟರ್ ಮಿಣುಕುವುದು ಆಶ್ಚರ್ಯವಲ್ಲ. ಫ್ಯೂಸನ್ನು ಕಿತ್ತು ನೋಡುವಾಗ ಫ್ಯೂಸಿನ ಜೊತೆ ಅದರ ಗೂಡನ್ನೂ ನೋಡಿ. ಪ್ಲಾಸ್ಟಿಕ್ ಕರಗಿ ಕಂದಾಗಿದ್ದರೆ ಕಚ್ಚುವಿಕೆ ಸಡಿಲವಾಗಿದೆ. ಕೆಂಪು 10 ಆಂಪಿಯರ್ ಫ್ಯೂಸಿನ ಜಾಗಕ್ಕೆ ಹಸಿರು 30ರದ್ದು ಹಾಕಿದರೆ ಮುಂದಿನ ಸಲ ಸುಡುವುದು ವೈರು.

ಇನ್ನುಳಿದದ್ದು ಸಣ್ಣ ಕೆಲಸ. ಬೆಳಕು ಹೆಚ್ಚುಕಡಿಮೆ ಮಾಡುವ ತಿರುಗಣೆಯನ್ನು ಆ ತುದಿಯಿಂದ ಈ ತುದಿಗೆ ಹತ್ತಾರು ಬಾರಿ ತಿರುಗಿಸಿದರೆ ಹಳೆಯ ಮಾದರಿಯದು ತಾನೇ ಉಜ್ಜಿಕೊಂಡು ಸರಿಯಾಗುತ್ತದೆ. ಮೀಟರಿನ ಹಿಂದಿನ ಕನೆಕ್ಟರ್ ಕಿತ್ತು ಕಾಂಟ್ಯಾಕ್ಟ್ ಕ್ಲೀನರ್ ಸಿಂಪಡಿಸಿ ಮತ್ತೆ ಒತ್ತಬೇಕು. ಬೋರ್ಡಿನ ಬೆಸುಗೆಯ ಸುತ್ತ ಕೂದಲಿನಷ್ಟು ಸಣ್ಣ ಉಂಗುರದ ಬಿರುಕು ಕಂಡರೆ ಮತ್ತೆ ಬೆಸೆಸಿದರಾಯಿತು, ಹೊಸ ಮೀಟರ್ ಬೇಡ.

ರಾತ್ರಿ ದಾರಿಯಲ್ಲಿ ದೀಪಗಳು ಮಂಕಾಗಿ ಕೆಂಪು ಬ್ಯಾಟರಿ ದೀಪ ಹತ್ತಿಕೊಂಡರೆ ಬ್ಲೋವರ್, ಮ್ಯೂಸಿಕ್ ಆಫ್ ಮಾಡಿ ಹತ್ತಿರದ ಊರು ಮುಟ್ಟೋಣ ಎನಿಸುತ್ತದೆ. ಬೆಲ್ಟ್ ನೆಟ್ಟಗಿದ್ದು ಚಾರ್ಜ್ ಮಾತ್ರ ನಿಂತಿದ್ದರೆ ಹಾಗೆ ಮಾಡಬಹುದು. 70 ಆಂಪಿಯರ್ ಅವರಿನ ಒಳ್ಳೆಯ ಬ್ಯಾಟರಿಯ ಮೇಲೆ ಹೆಡ್‌ಲೈಟ್ ಹಾಕಿಕೊಂಡು ಒಂದೂವರೆ ಗಂಟೆಗಿಂತ ಹೆಚ್ಚು ನೆಚ್ಚಿಕೊಳ್ಳಬೇಡಿ, ಎಂಜಿನ್ ಮಧ್ಯೆ ಆಫ್ ಮಾಡಬೇಡಿ. ಹೊರಡುವ ಮೊದಲು ಮಾತ್ರ ಒಂದು ಸುರಕ್ಷಿತ ಜಾಗ ನೋಡಿ ಗಾಡಿ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಬಾನೆಟ್ ಎತ್ತಿ, ಟಾರ್ಚ್ ಬಿಟ್ಟು ಬೆಲ್ಟ್ ನೋಡಬೇಕು. ಎಷ್ಟೋ ಎಂಜಿನ್ನುಗಳಲ್ಲಿ ಅದೇ ಬೆಲ್ಟ್ ನೀರಿನ ಪಂಪನ್ನೂ ತಿರುಗಿಸುತ್ತದೆ. ವ್ಯಾಕ್ಯೂಮ್ ಪಂಪ್ ಆಲ್ಟರ್ನೇಟರಿನ ಬೆನ್ನಿಗಿದ್ದರೆ ಬ್ರೇಕಿನ ಬಲವೂ ಅದೇ ಬೆಲ್ಟಿನದು. ಬೆಲ್ಟ್ ಕಿತ್ತಿದ್ದರೆ ಉಳಿದ ವ್ಯಾಕ್ಯೂಮ್ ಒಂದೆರಡು ಬಾರಿ ಬ್ರೇಕ್ ತುಳಿಯುವಷ್ಟರಲ್ಲಿ ಮುಗಿದು ಪೆಡಲ್ ಕಲ್ಲಾಗುತ್ತದೆ. ಲೋಡು ತುಂಬಿದ ಗಾಡಿಯನ್ನು ಆ ಸ್ಥಿತಿಯಲ್ಲಿ ಇಳಿಜಾರಿಗೆ ಇಳಿಸಬಾರದು. ಟೊಮೆಟೊ ಬೇರೆ ಗಾಡಿಗೆ ಹಾಕಿ ಕಳಿಸಿ, ಬೆಳಕು ಹರಿಯುವ ತನಕ ಅಲ್ಲೇ ಇರಿ.